ನಕಲು, ನಕಲಿ, ಡೂಪ್ಲಿಕೇಟ್: ಎಎಂಡಿ ಹೆಸರಿನ 8085ಕ್ಕೆ ಏನನ್ನೋಣ?

ಗೆಳೆಯರೇ, ನಮಸ್ಕಾರ.

ಹಳೆಯ ಕಂಪ್ಯೂಟರ್ ಚಿಪ್‌ಗಳನ್ನು ಕೂಡಿಡಲು ಈಗಷ್ಟೇ ಶುರುಮಾಡಿದವರಿಗಾಗಿ ಕನ್ನಡದಲ್ಲಿ ಒಂದು ಚಿಕ್ಕ ಕೈಪಿಡಿ ಬರೆಯುತ್ತಿದ್ದೇನೆ. ಕೈಗೆ ಸಿಕ್ಕ ಚಿಪ್ ಯಾವುದು, ಯಾರದು, ಯಾವ ಕಾಲದ್ದು ಅಂತ ಗುರುತು ಹಿಡಿಯುವುದು ಹೇಗೆ ಅನ್ನುವುದೇ ಅದರ ವಿಷಯ.

ಹೆಚ್ಚಿನ ಪದಗಳು ಕಷ್ಟವಾಗಲಿಲ್ಲ. ಪಿನ್‌ಗೆ ರಿಪೇರಿ ಅಂಗಡಿಯವರು ಹೇಳುವ ‘ಕಾಲು’ ಸಾಕು. ಚಿಪ್ಪಿನ ಒಂದು ತುದಿಯಲ್ಲಿರುವ ಅರ್ಧವೃತ್ತದ ತಗ್ಗಿಗೆ ‘ಕಚ್ಚು’ ಚೆನ್ನಾಗಿ ಒಪ್ಪುತ್ತದೆ. ಕಚ್ಚು ಮೇಲಿರುವಂತೆ ಹಿಡಿದರೆ ಎಡಗಡೆಯ ಮೇಲಿನ ಕಾಲೇ ಒಂದನೆಯದು. ಅಲ್ಲಿಂದ ಎಡಗಡೆ ಕೆಳಗಿಳಿದು, ಬಲಗಡೆ ಮೇಲೇರುತ್ತಾ ಎಣಿಸಬೇಕು. ತಯಾರಾದ ವಾರವನ್ನು ಹೇಳುವ ನಾಲ್ಕು ಅಂಕಿಗಳಿಗೆ ‘ವಾರದಂಕಿ’ ಅಂತ ಇಟ್ಟಿದ್ದೇನೆ. 8432 ಅಂದರೆ 1984ರ 32ನೇ ವಾರ. ಹೊಸಬರು ಎಡವುವುದು 7432 ಕಂಡಾಗ. ಅದು 1974ರ 32ನೇ ವಾರವೂ ಆಗಬಹುದು, 7400 ಸರಣಿಯ ಆರ್ (OR) ಗೇಟ್ ಐಸಿಯ, ಅಂದರೆ ಚಿಪ್ಪಿನ, ಹೆಸರೂ ಆಗಬಹುದು. ಎಸ್‌ಎನ್‌7432ಎನ್ ಅಂತ ಹಿಂದೆ ಮುಂದೆ ಅಕ್ಷರ ಅಂಟಿಕೊಂಡಿದ್ದರೆ ಅದು ಹೆಸರು.

ನಾನು ಸಿಕ್ಕಿಹಾಕಿಕೊಂಡಿರುವುದು ಬೇರೆ ಕಡೆ.

ಇಂಜಿನಿಯರಿಂಗ್ ಕಾಲೇಜಿನ ಲ್ಯಾಬಿನಿಂದ ಹೊರಬಿದ್ದ ಹಳೆಯ 8085 ಕಿಟ್ (8085 ಪ್ರೊಸೆಸರ್ ಕಲಿಸುವ ಬೋರ್ಡ್) ಒಂದು ಸಿಕ್ಕಿತು ಅಂದುಕೊಳ್ಳಿ. 40 ಕಾಲಿನ ದೊಡ್ಡ ಐಸಿಯ ಮೇಲೆ 8085 ಅಂತಲೇ ಇದೆ. ಆದರೆ ಜೊತೆಗಿರುವ ಹೆಸರು ಅದನ್ನು ರೂಪಿಸಿದ ಇಂಟೆಲ್ ಕಂಪನಿಯದಲ್ಲ, ಇನ್ನೊಂದು ಕಂಪನಿ ಎಎಂಡಿಯದು. ಪಕ್ಕದ 8255 ಚಿಪ್ಪಿನ ಮೇಲೆ ಜಪಾನಿನ ಕಂಪನಿ ಎನ್‌ಇಸಿ. ನೋಡಿದವರು ತಕ್ಷಣ ಕೇಳುವುದು, ‘ಇದು ಡೂಪ್ಲಿಕೇಟಾ?’ ಆ ಒಂದು ಮಾತಿಗೆ ಒಳ್ಳೆಯ ಚಿಪ್ ಕಸದ ಬುಟ್ಟಿಗೆ ಹೋಗಬಹುದು. ಅದಕ್ಕೇ ಈ ಪದದ ಬಗ್ಗೆ ನನಗೆ ಇಷ್ಟೊಂದು ಚಿಂತೆ.

ಅದು ಡೂಪ್ಲಿಕೇಟ್ ಅಲ್ಲವೇ ಅಲ್ಲ, ಇಂಟೆಲ್ ಒಪ್ಪಿಗೆಯಿಂದಲೇ ಎಎಂಡಿ ಮಾಡಿದ್ದು. ಇಂಟೆಲ್ 8085 ಬಂದದ್ದು 1976ರಲ್ಲಿ. ಅದೇ ವರ್ಷ ಇಂಟೆಲ್ ಮತ್ತು ಎಎಂಡಿ ಒಂದು ಒಪ್ಪಂದ ಮಾಡಿಕೊಂಡವು. ಆಗೆಲ್ಲ ದೊಡ್ಡ ಗಿರಾಕಿಗಳು ಒಬ್ಬನೇ ತಯಾರಕನನ್ನು ನೆಚ್ಚಿಕೊಳ್ಳಲು ಒಪ್ಪುತ್ತಿರಲಿಲ್ಲ. ಅವನ ಕಾರ್ಖಾನೆ ನಿಂತರೆ ಇವರ ಕೆಲಸವೂ ನಿಲ್ಲುತ್ತದೆ, ಅಲ್ವಾ? ಹಾಗಾಗಿ ಅದೇ ಚಿಪ್ಪನ್ನು ಇನ್ನೊಬ್ಬರೂ ಮಾಡಿಕೊಡಬೇಕು ಅಂತ ಕೇಳುತ್ತಿದ್ದರು. ತನ್ನ ಪಿಸಿಯ ಪ್ರೊಸೆಸರ್ ಆದ ಇಂಟೆಲ್ 8088ಕ್ಕೆ ಐಬಿಎಂ ಕೂಡ ಇದನ್ನೇ ಕೇಳಿತು. 1982ರಲ್ಲಿ ಇಂಟೆಲ್ ಮತ್ತು ಎಎಂಡಿ ಮತ್ತೊಂದು ಒಪ್ಪಂದಕ್ಕೆ ಬಂದವು. ಎಎಂಡಿ ಮಾಡಿದ ಎಷ್ಟೋ 80286 ಪ್ರೊಸೆಸರ್‌ಗಳ ಮೇಲೆ ಇಂಟೆಲ್ ಹೆಸರಿನ ಜೊತೆ 1982 ಅಂತ ಹಕ್ಕಿನ (ಕಾಪಿರೈಟ್) ವರ್ಷ ಅಚ್ಚಾಗಿರುತ್ತದೆ. ಅದು ಚಿಪ್ ತಯಾರಾದ ವರ್ಷವಲ್ಲ. ತಯಾರಾದ ವರ್ಷಕ್ಕೆ ವಾರದಂಕಿಯನ್ನೇ ಹುಡುಕಬೇಕು.

ಇಂಗ್ಲಿಷಿನವರು ಇದನ್ನು ಸೆಕೆಂಡ್ ಸೋರ್ಸ್ ಅನ್ನುತ್ತಾರೆ. ‘ಎರಡನೇ ಮೂಲ’ ಅಂತ ಬರೆದರೆ ಕನ್ನಡದಲ್ಲಿ ಏನೂ ತಿಳಿಯುವುದಿಲ್ಲ. ಮೂಲ ಅಂದಕೂಡಲೇ ‘ಅಸಲು’ ಅನ್ನುವ ಅರ್ಥ ಮುಂದೆ ಬಂದು ನಿಲ್ಲುತ್ತದೆ.

ಇನ್ನು ‘ನಕಲು’. ಪೂರ್ವ ಜರ್ಮನಿಯ ಯು880 ಚಿಪ್ ಝೈಲಾಗ್ ಕಂಪನಿಯ ಝಡ್80ರಂತೆಯೇ ಇದೆ. ಸೋವಿಯತ್ ಒಕ್ಕೂಟದ 580 ಸರಣಿಯ ಪ್ರೊಸೆಸರ್ ಇಂಟೆಲ್ 8080ರಂತೆ. ಇವೆರಡೂ ಅಪ್ಪಣೆ ಇಲ್ಲದೆ ಮಾಡಿದವು. ಆದರೂ ಅವುಗಳ ಮೇಲೆ ಅವರದೇ ಗುರುತು, ಅವರದೇ ಸಂಖ್ಯೆ ಇದೆ. ಕೊಳ್ಳುವವರಿಗೆ ಮೋಸವಿಲ್ಲ. ಕೂಡಿಡುವವರು ಇವನ್ನು ಹುಡುಕಿಕೊಂಡು ಹೋಗುತ್ತಾರೆ. ಸೋವಿಯತ್ ಚಿಪ್ಪಿಗೆ ಇನ್ನೊಂದು ಗುರುತೂ ಉಂಟು. ಅದರ ಕಾಲುಗಳ ನಡುವಿನ ಅಂತರ ಹೆಚ್ಚಾಗಿ 2.5 ಮಿಲಿಮೀಟರ್. ಅಮೆರಿಕದ್ದರಲ್ಲಿ 2.54. ಒಂದು ಸಾಲಿನಲ್ಲಿ 20 ಕಾಲಿದ್ದರೆ ಕೊನೆಗೆ ಮುಕ್ಕಾಲು ಮಿಲಿಮೀಟರ್ ವ್ಯತ್ಯಾಸ ಬೀಳುತ್ತದೆ. ಸಾಕೆಟ್ಟಿಗೆ ಕೂರಿಸುವಾಗ ಕೈಗೇ ಗೊತ್ತಾಗುತ್ತದೆ.

ನಿಜವಾದ ಮೋಸ ‘ನಕಲಿ’ ಚಿಪ್ಪಿನದು. ಯಾವುದೋ ಅಗ್ಗದ ಚಿಪ್ಪಿನ ಮೈ ಉಜ್ಜಿ, ಕಪ್ಪು ಬಳಿದು, ಬೆಲೆಬಾಳುವ ಹೆಸರು ಅಚ್ಚು ಹಾಕಿರುತ್ತಾರೆ. ಉಜ್ಜಿದ ಗೀರುಗಳು ಒಂದೇ ದಿಕ್ಕಿಗೆ ಓಡುತ್ತವೆ. ಒಂದನೇ ಕಾಲಿನ ಹತ್ತಿರದ ಗುಳಿ ಅರ್ಧ ಮುಚ್ಚಿಹೋಗಿರುತ್ತದೆ. ಹತ್ತಿಗೆ ಅಸಿಟೋನ್ ಹಚ್ಚಿ ಒರೆಸಿದರೆ ಎಷ್ಟೋ ಸಲ ಕಪ್ಪು ಬಿಡುತ್ತದೆ.

ಹೀಗೆ ನಕಲು ಬೇರೆ, ನಕಲಿ ಬೇರೆ. ಆದರೆ ನಡುವೆ ಇರುವುದು ಒಂದು ಸ್ವರ ಮಾತ್ರ. ಅವಸರದಲ್ಲಿ ಓದುವವರು ಎರಡನ್ನೂ ಒಂದೇ ಅಂದುಕೊಳ್ಳುತ್ತಾರೆ. ಮೇಲಾಗಿ, ಪರೀಕ್ಷೆಯ ‘ನಕಲು ಹೊಡೆಯುವುದು’ ಎಲ್ಲರ ತಲೆಯಲ್ಲೂ ಇದೆ. ಹಾಗಾಗಿ ಯು880ರಂಥವಕ್ಕೆ ನಾನು ‘ಪಡಿಯಚ್ಚು’ ಬರೆಯಬೇಕೆಂದಿದ್ದೇನೆ. ಹಳೆಯ ಪದ, ಕಿವಿಗೂ ಹಿತ, ಕಳ್ಳತನದ ವಾಸನೆ ಇಲ್ಲ. ಎನ್‌ಇಸಿಯ ವಿ20 ಇದೆಯಲ್ಲ, 8088ರ ಜಾಗದಲ್ಲಿ ಹಾಗೇ ಕೂರುತ್ತದೆ, ಆದರೆ ಒಳಗಿನ ವಿನ್ಯಾಸ ಅವರದೇ. ಅದಕ್ಕೆ ‘ಬದಲಿ’ ಸರಿಯಾದೀತು.

ಎಎಂಡಿಯ 8085ಕ್ಕೆ ಸದ್ಯ ‘ಜೊತೆ ತಯಾರಿ’ ಅಂತಲೂ, ಎಎಂಡಿಗೆ ‘ಜೊತೆ ತಯಾರಕ’ ಅಂತಲೂ ಬರೆದಿದ್ದೇನೆ. ಪೂರ್ತಿ ಸಮಾಧಾನವಿಲ್ಲ. ಇಬ್ಬರೂ ಒಂದೇ ಕಾರ್ಖಾನೆಯಲ್ಲಿ ಕೂಡಿ ಮಾಡಿದರು ಅನ್ನುವ ಅರ್ಥವೂ ಬರುತ್ತದೆ. ‘ಒಪ್ಪಂದದ ತಯಾರಿ’ ಇನ್ನೂ ಖಚಿತ, ಆದರೆ ಎಎಂಡಿಯ 9080 ಅಲ್ಲಿ ತೊಡಕು ತರುತ್ತದೆ. ಅದು ಹುಟ್ಟಿದ್ದು ಇಂಟೆಲ್ 8080ರ ಪಡಿಯಚ್ಚಾಗಿ, ಒಪ್ಪಂದ ಬಂದದ್ದು ಆಮೇಲೆ.

ನನ್ನ ಪ್ರಶ್ನೆ ಎರಡು. ಒಬ್ಬರ ವಸ್ತುವನ್ನು ಅವರ ಒಪ್ಪಿಗೆಯಿಂದ ಇನ್ನೊಬ್ಬರು ಹಾಗೇ ಮಾಡಿ, ತಮ್ಮ ಹೆಸರಿನಲ್ಲಿ ಮಾರುವುದಕ್ಕೆ ನಿಮ್ಮ ಕಡೆ ಆಡುಮಾತಿನಲ್ಲಿ ಪದ ಇದೆಯೇ? ಗಾಡಿ ಬಿಡಿಭಾಗದ ಅಂಗಡಿ, ಪಂಪ್‌ಸೆಟ್ ರಿಪೇರಿ, ಮಗ್ಗದ ಸಾಮಾನು ಮಾರುವವರು ಏನನ್ನುತ್ತಾರೆ? ‘ಕಂಪನಿದು’, ‘ಲೋಕಲ್’ ಎರಡನ್ನೂ ಕೇಳಿದ್ದೇನೆ. ನಡುವಿನದಕ್ಕೆ ಏನಾದರೂ ಇದ್ದರೆ ಬೇಕು. ಇನ್ನೊಂದು, ‘ಪಡಿಯಚ್ಚು’ ಅಂದಾಗ ನಿಮಗೆ ವಸ್ತು ಕಣ್ಣಮುಂದೆ ಬರುತ್ತದೆಯೋ, ಇಲ್ಲಾ ‘ತಾಯಿಯ ಪಡಿಯಚ್ಚು’ ಅಂತ ಮುಖದ ಹೋಲಿಕೆಯೇ ಬರುತ್ತದೆಯೋ? ಮುಖವೇ ಬರುತ್ತದೆ ಅನ್ನುವವರು ಜಾಸ್ತಿ ಇದ್ದರೆ ಪದ ಬದಲಿಸುತ್ತೇನೆ.