ಕೆನರಿ ವಾರ್ಫ್ ಆಫೀಸು, ಇಬ್ಬರು ಮಕ್ಕಳು, ಮನೆ ಎಲ್ಲಿ ಹಿಡಿಯೋದು?

ನಮಸ್ಕಾರ ಸರ್, ಲಂಡನ್‌ಗೆ ಬರ್ತಿದೀವಿ, ಕೆನರಿ ವಾರ್ಫ್‌ನಲ್ಲಿ ಆಫೀಸು, ಬಾಡಿಗೆ ಮನೆ ಯಾವ ಏರಿಯಾದಲ್ಲಿ ನೋಡೋದು ಅಂತ ನೀವು ಕೇಳಿದ ಪ್ರಶ್ನೆ ಓದ್ದೆ, ಅದಕ್ಕೆ ಬಂದಿರೋ ಉತ್ತರಗಳನ್ನೂ ಓದ್ದೆ. ಹ್ಯಾರೋಗೆ ಹೋಗಿ ಅಂತ ಒಬ್ರು, ಸ್ಲೌ ಬಿಟ್ಟು ಬೇರೆ ನೋಡ್ಲೇಬೇಡಿ ಅಂತ ಇನ್ನೊಬ್ರು, ಈಸ್ಟ್ ಹ್ಯಾಮ್‌ನಲ್ಲಿ ಮುರುಗನ್ ದೇವಸ್ಥಾನ ಇದೆ ಒಳ್ಳೆ ದೋಸೆ ಸಿಗತ್ತೆ ಅಂತ ಮತ್ತೊಬ್ರು. ಎಲ್ರೂ ತಾವಿರೋ ಏರಿಯಾನೇ ಹೊಗಳ್ತಾರೆ, ಅದು ಇದ್ದಿದ್ದೇ ಬಿಡಿ. ನಾನು ಏರಿಯಾ ಹೆಸರು ಆಮೇಲೆ ಹೇಳ್ತೀನಿ, ಮೊದ್ಲು ಮಕ್ಕಳ ವಯಸ್ಸಿಂದ ಶುರು ಮಾಡೋಣ, ಯಾಕಂದ್ರೆ ಇಲ್ಲಿ ಬಾಡಿಗೆ ಮನೆ ಎಲ್ಲಿ ಅನ್ನೋದನ್ನ ನಿಮ್ಮ ಆಫೀಸಿಗಿಂತ ಜಾಸ್ತಿ ತೀರ್ಮಾನ ಮಾಡೋದು ಅದೇ.

ನೀವು ಬರೆದಿರೋದು ದೊಡ್ಡವಳಿಗೆ ಒಂಬತ್ತು, ಚಿಕ್ಕವನಿಗೆ ಮೂರು ತುಂಬಿ ಮುಂದಿನ ಬೇಸಿಗೆಗೆ ನಾಲ್ಕು, ನವೆಂಬರ್‌ನಲ್ಲಿ ಎಲ್ರೂ ಒಟ್ಟಿಗೆ ಬರೋದು. ಈ ಇಬ್ಬರು ಮಕ್ಕಳಿಗೆ ಸ್ಕೂಲ್ ಸೀಟು ಸಿಗೋ ದಾರಿ ಪೂರ್ತಿ ಬೇರೆ ಬೇರೆ, ಇದನ್ನ ಯಾರೂ ಹೇಳೇ ಇಲ್ವಲ್ಲ ಅಂತ ಆಶ್ಚರ್ಯ ಆಯ್ತು.

ದೊಡ್ಡವಳದು ವರ್ಷದ ಮಧ್ಯ ಸೇರೋದು, ಇನ್-ಇಯರ್ ಅಡ್ಮಿಷನ್ ಅಂತಾರೆ. ಇಲ್ಲಿ ಕ್ಯಾಚ್‌ಮೆಂಟು ಕ್ಯಾಚ್‌ಮೆಂಟು (ಸ್ಕೂಲಿನ ಸೀಟು ಸಿಗೋ ಸುತ್ತಳತೆ) ಅಂತ ತಲೆ ಕೆಡಿಸ್ಕೊಂಡು ಒಳ್ಳೆ ಸ್ಕೂಲಿನ ಗೇಟ್ ಎದುರಿಗೇ ಜಾಸ್ತಿ ಬಾಡಿಗೆ ಕೊಟ್ಟು ಮನೆ ಹಿಡಿದ್ರೂ ಅವಳ ಕ್ಲಾಸಲ್ಲಿ ಸೀಟು ಖಾಲಿ ಇಲ್ಲ ಅಂದ್ರೆ ಇಲ್ಲ, ಅಷ್ಟೇ. ಸೀಟು ಎಲ್ಲಿ ಖಾಲಿ ಇದೆಯೋ ಅಲ್ಲಿಗೆ ಕಳಿಸ್ತಾರೆ, ನೀವು ಹೆಸರೇ ಕೇಳಿರದ ಸ್ಕೂಲ್ ಆಗಿರಬಹುದು, ಎರಡು ಬಸ್ ಹತ್ತಿ ಹೋಗೋ ಹಾಗಿರಬಹುದು. ಹತ್ರದಲ್ಲಿದ್ರೆ ಆಗೋ ಲಾಭ ಏನಂದ್ರೆ ವೇಟಿಂಗ್ ಲಿಸ್ಟಲ್ಲಿ ಮೇಲೆ ಬರ್ತೀರ, ಯಾಕಂದ್ರೆ ಆ ಲಿಸ್ಟು ಮೊದ್ಲು ಬಂದವರಿಗೆ ಮೊದ್ಲು ಅಂತ ಅಲ್ಲ, ಸ್ಕೂಲಿನ ನಿಯಮದ ಪ್ರಕಾರ, ಅಂದ್ರೆ ಅಣ್ಣನೋ ಅಕ್ಕನೋ ಅಲ್ಲೇ ಓದ್ತಿದ್ರೆ, ದೂರ ಎಷ್ಟು, ಹೀಗೆ. ನೀವು ಆರು ತಿಂಗಳಿಂದ ಕಾಯ್ತಿದ್ರೂ ನಿನ್ನೆ ಬಂದವರು ಇನ್ನೂ ಹತ್ರ ಇದ್ರೆ ಅವರು ನಿಮ್ಮ ಮುಂದೆ ಹೋಗ್ತಾರೆ. ಕೇಳೋಕೆ ಅನ್ಯಾಯ ಅನ್ಸತ್ತೆ ಆದ್ರೆ ಪದ್ಧತಿ ಇರೋದೇ ಹಾಗೆ.

ಅದಕ್ಕೇ ಅವಳ ವಿಷಯದಲ್ಲಿ ನಾನು ಹೇಳೋದು, ಮನೆ ನೋಡೋಕೆ ಮುಂಚೆ ಮೂರ್ನಾಲ್ಕು ಕೌನ್ಸಿಲ್‌ಗಳ (ನಮ್ಮ ನಗರಸಭೆ ಥರ) ಅಡ್ಮಿಷನ್ ಟೀಮಿಗೆ ಈಮೇಲ್ ಹಾಕಿ, ಇಂಥ ಕ್ಲಾಸಲ್ಲಿ ಸದ್ಯಕ್ಕೆ ಯಾವ ಯಾವ ಸ್ಕೂಲಲ್ಲಿ ಜಾಗ ಇದೆ ಅಂತ ಕೇಳಿ. ಕೆಲವು ಕೌನ್ಸಿಲ್‌ಗಳು ಆ ಪಟ್ಟಿನ ವೆಬ್‌ಸೈಟಲ್ಲೇ ಹಾಕಿರ್ತಾರೆ, ಕೆಲವು ಕಡೆ ಸೀದಾ ಸ್ಕೂಲ್ ಆಫೀಸಿಗೇ ಫೋನ್ ಮಾಡಿ ಅಂತಾರೆ, ಮಾಡಿ, ಆಫೀಸಲ್ಲಿರೋರು ಸಾಮಾನ್ಯವಾಗಿ ಸರಿಯಾಗೇ ಉತ್ತರ ಕೊಡ್ತಾರೆ. ಪಟ್ಟಿ ವಾರ ವಾರ ಬದಲಾಗತ್ತೆ, ಆದ್ರೂ ಎಲ್ಲಿ ಯಾವಾಗ್ಲೂ ತುಂಬಿರತ್ತೆ ಎಲ್ಲಿ ಸ್ವಲ್ಪ ಸಡಿಲ ಅನ್ನೋ ಅಂದಾಜು ಸಿಗತ್ತೆ.

ಚಿಕ್ಕವನ ಕಥೆ ಉಲ್ಟಾ. ಅವನು ಮುಂದಿನ ಸೆಪ್ಟೆಂಬರ್‌ಗೆ ರಿಸೆಪ್ಷನ್, ಅಂದ್ರೆ ಪ್ರೈಮರಿ ಸ್ಕೂಲಿನ ಮೊಟ್ಟಮೊದಲ ಕ್ಲಾಸು ಸೇರೋನು, ಅಂದ್ರೆ ಇಂಗ್ಲೆಂಡ್ ಪೂರ್ತಿ ಅವನ ವಯಸ್ಸಿನ ಎಲ್ಲಾ ಮಕ್ಕಳ ಜೊತೆ ಒಂದೇ ಸಾಲಲ್ಲಿ ನಿಲ್ತಾನೆ, ಅರ್ಜಿಗೆ ಕೊನೇ ದಿನ ಜನವರಿ 15, ಫಲಿತಾಂಶ ಏಪ್ರಿಲ್ 16. ಇಲ್ಲಿ ವಿಳಾಸ ಅಂದ್ರೆ ಎಲ್ಲಾನೂ. ನವೆಂಬರ್‌ನಲ್ಲಿ ಬಂದು ಡಿಸೆಂಬರ್ ಪೂರ್ತಿ ಸರ್ವಿಸ್ ಅಪಾರ್ಟ್‌ಮೆಂಟಲ್ಲಿ ಕೂತ್ರೆ ಆ ಕ್ರಿಸ್ಮಸ್ ಟೈಮಲ್ಲಿ ಏಜೆಂಟ್‌ಗಳೂ ಮುಚ್ಕೊಂಡು ಹೋಗಿರ್ತಾರೆ, ಜನವರಿ 15 ಬಂದೇಬಿಡತ್ತೆ. ತಡವಾಗಿ ಹಾಕಿದ ಅರ್ಜಿನ ಸಾಮಾನ್ಯವಾಗಿ ಟೈಮಿಗೆ ಹಾಕಿದೋರದೆಲ್ಲ ಮುಗಿದ ಮೇಲೆ ನೋಡ್ತಾರೆ. ಹಂಗಾಗಿ ಡಿಸೆಂಬರ್ ಮೊದಲ ವಾರದೊಳಗೆ ಬಾಡಿಗೆ ಕರಾರು ಕೈಲಿರೋ ಹಾಗೆ ನೋಡ್ಕೊಳ್ಳಿ.

ದೂರ ಅಳೆಯೋದು ಹೆಚ್ಚಿನ ಕಡೆ ನೇರ ಗೆರೆ ಹಾಕಿ, ನಡೆಯೋ ದಾರಿ ಅಲ್ಲ. ಮಧ್ಯ ರೈಲ್ವೆ ಹಳಿ ಇದ್ದು ನೀವು ಸುತ್ತಿ ಬಂದ್ರೂ ಗೆರೆ ಗೆರೆನೇ. ಹೆಚ್ಚಿನ ಕೌನ್ಸಿಲ್‌ಗಳ ಅಡ್ಮಿಷನ್ ಪುಸ್ತಕದಲ್ಲಿ ಕಳೆದ ವರ್ಷ ಈ ಸ್ಕೂಲಲ್ಲಿ ಕೊನೇ ಸೀಟು ಎಷ್ಟು ದೂರದ ಮಗುಗೆ ಸಿಕ್ತು ಅಂತ ಹಾಕಿರ್ತಾರೆ, ಆ ಒಂದು ಅಂಕಿ ನೋಡಿ ಸಾಕು. ರಿಸೆಪ್ಷನ್, ಇಯರ್ 1, ಇಯರ್ 2 ಕ್ಲಾಸುಗಳಲ್ಲಿ ಒಬ್ಬ ಟೀಚರ್‌ಗೆ 30 ಮಕ್ಕಳು ಅಂತ ಕಾನೂನೇ ಇದೆ, ಹೋಗಿ ಬೇಡ್ಕೊಂಡ್ರೆ ಒಂದು ಸೀಟು ಜಾಸ್ತಿ ಮಾಡ್ತಾರೆ ಅನ್ನೋ ನಮ್ಮ ಊರಿನ ಲೆಕ್ಕಾಚಾರ ಇಲ್ಲಿ ನಡೆಯಲ್ಲ. ಇನ್ನೊಂದು, ಒಳ್ಳೆ ಸ್ಕೂಲ್ ಪಕ್ಕ ಹೆಸರಿಗೆ ಮಾತ್ರ ಒಂದು ಮನೆ ಬಾಡಿಗೆಗೆ ತಗೊಂಡು ಇರೋದು ಇನ್ನೊಂದು ಕಡೆ ಅನ್ನೋ ಐಡಿಯಾ ಯಾರಾದ್ರೂ ಕೊಟ್ರೆ ಕಿವಿಗೆ ಹಾಕ್ಕೋಬೇಡಿ, ಕೌನ್ಸಿಲ್‌ನವರು ವಿಚಾರಣೆ ಮಾಡ್ತಾರೆ, ಕೊಟ್ಟ ಸೀಟು ವಾಪಸ್ ತಗೊಳ್ಳೋ ಅಧಿಕಾರ ಅವರಿಗಿದೆ.

ಸ್ಕೂಲುಗಳ ತಪಾಸಣೆ ಮಾಡೋ ಸರ್ಕಾರಿ ಸಂಸ್ಥೆ ಆಫ್‌ಸ್ಟೆಡ್ ಬಗ್ಗೆ. "ಔಟ್‌ಸ್ಟ್ಯಾಂಡಿಂಗ್ ಸ್ಕೂಲ್ ಇರೋ ಏರಿಯಾ ಹೇಳಿ" ಅಂತ ಇಲ್ಲಿ ಎಲ್ರೂ ಕೇಳ್ತಾರೆ. ಸರ್ಕಾರಿ ಸ್ಕೂಲುಗಳಿಗೆ ಆ ಒಂದೇ ಪದದ ರ‍್ಯಾಂಕು ಕೊಡೋದನ್ನ 2024ರ ಸೆಪ್ಟೆಂಬರ್‌ನಲ್ಲೇ ನಿಲ್ಲಿಸಿದಾರೆ, 2025ರ ನವೆಂಬರ್‌ನಿಂದ ವಿಷಯವಾರು ರಿಪೋರ್ಟ್ ಕಾರ್ಡ್ ಥರ ಬರ್ತಿದೆ. ಬ್ಯಾನರ್ ನೇತು ಹಾಕಿರೋ ಎಷ್ಟೋ ಸ್ಕೂಲುಗಳದು ಹಳೇ ತಪಾಸಣೆ. ಆ ಹಳೇ ಪದಕ್ಕಾಗಿ ತಿಂಗಳಿಗೆ ಇನ್ನೂರು ಮುನ್ನೂರು ಪೌಂಡ್ ಹೆಚ್ಚು ಬಾಡಿಗೆ ಕೊಡೋದು ನನಗಂತೂ ಒಪ್ಪಿಗೆ ಇಲ್ಲ, ರಿಪೋರ್ಟಿನ ತಾರೀಕು ನೋಡಿ, ಒಳಗಿನ ಮಾತು ಓದಿ, ಆಗಿದ್ರೆ ಒಂದು ಸಲ ಹೋಗಿ ಬನ್ನಿ.

ಈಗ ನಿಮ್ಮ ಓಡಾಟ. ಕೆನರಿ ವಾರ್ಫ್ ಅಂದ್ರೆ ಎಲಿಜಬೆತ್ ಲೈನು ಅನ್ನೋ ರೈಲು, 2022ರ ಮೇನಲ್ಲಿ ಶುರುವಾದಾಗಿನಿಂದ ಲೆಕ್ಕನೇ ಬದಲಾಗಿದೆ, ಪ್ಯಾಡಿಂಗ್ಟನ್‌ನಿಂದ 17 ನಿಮಿಷ. ಸ್ಲೌ, ಹೇಯ್ಸ್, ಸೌತಾಲ್, ಈಲಿಂಗ್ ಎಲ್ಲಾ ಅದೇ ಲೈನಲ್ಲಿದೆ, ಅದಕ್ಕೇ ಎಲ್ರೂ ಪಶ್ಚಿಮದ ಕಡೆ ಹೇಳ್ತಿದಾರೆ. ಆದ್ರೆ ಪೂರ್ವದ ಕಡೆ ತಿರುಗಿ ನೋಡೋರು ಕಡಿಮೆ. ವುಲಿಚ್‌ನಿಂದ ನಿಮ್ಮ ಆಫೀಸಿಗೆ ಹತ್ತು ನಿಮಿಷದೊಳಗೆ, ಅಬ್ಬಿ ವುಡ್‌ನಿಂದ ಹನ್ನೊಂದು ಹನ್ನೆರಡು ನಿಮಿಷ, ಅದೇ ಲೈನಿನ ಕೊನೇ ಸ್ಟೇಷನ್ ಆದ್ರಿಂದ ಬೆಳಿಗ್ಗೆ ಕೂರೋಕೂ ಜಾಗ. ಇಲ್‌ಫರ್ಡ್, ರಾಮ್‌ಫರ್ಡ್ ಕೂಡ ಎಲಿಜಬೆತ್ ಲೈನೇ ಆದ್ರೆ ಅದು ಇನ್ನೊಂದು ಕವಲು, ವೈಟ್‌ಚಾಪೆಲ್‌ನಲ್ಲಿ ಇಳಿದು ಬದಲಾಯಿಸ್ಬೇಕು, ಮ್ಯಾಪ್ ನೋಡಿ ನೇರ ಇದೆ ಅಂದ್ಕೋಬೇಡಿ.

ಹತ್ತು ನಿಮಿಷಕ್ಕೂ ಐವತ್ತು ನಿಮಿಷಕ್ಕೂ ಏನು ಮಹಾ, ಬೆಂಗಳೂರಲ್ಲಿ ಸಿಲ್ಕ್ ಬೋರ್ಡ್ ದಾಟಿದೋರಿಗೆ ಇದೆಲ್ಲ ಲೆಕ್ಕಾನಾ ಅಂತ ನೀವೇ ಬರೆದಿದೀರ. ಸರ್, ಅಲ್ಲಿ ಅಜ್ಜಿ ಇದ್ರು, ಸ್ಕೂಲ್ ವ್ಯಾನ್ ಇತ್ತು. ಇಲ್ಲಿ ಪ್ರೈಮರಿ ಸ್ಕೂಲು ಮೂರೂಕಾಲು ಮೂರೂವರೆಗೆಲ್ಲ ಬಿಟ್ಟುಬಿಡತ್ತೆ, ಚಿಕ್ಕ ಕ್ಲಾಸಿನ ಮಕ್ಕಳನ್ನ ದೊಡ್ಡೋರು ಬಂದು ಕರ್ಕೊಂಡು ಹೋಗ್ಲೇಬೇಕು. ನಿಮ್ಮ ಮನೆಯವರೂ ಕೆಲಸ ಹುಡುಕ್ತಾರೆ ಅಂದ್ರಿ, ಡಿಪೆಂಡೆಂಟ್ ವೀಸಾದಲ್ಲಿ ಮಾಡಬಹುದು, ತುಂಬ ಒಳ್ಳೇದು, ಆದ್ರೆ ಆಗ ಆಫ್ಟರ್‌ಸ್ಕೂಲ್ ಕ್ಲಬ್ ಬೇಕು, ಅದು ಹೆಚ್ಚಿನ ಕಡೆ ಆರು ಗಂಟೆ ತನಕ, ಮತ್ತೆ ಸ್ಕೂಲಲ್ಲಿ ಸೀಟು ಸಿಕ್ಕಿದ್ರೂ ಕ್ಲಬ್ಬಲ್ಲಿ ಸೀಟು ಸಿಗತ್ತೆ ಅಂತ ಇಲ್ಲ. ಸ್ಲೌಗೆ ವಾಪಸ್ ಬರೋರು ರೈಲು ಇಪ್ಪತ್ತು ನಿಮಿಷ ತಡ ಆದ್ರೆ ಏನ್ ಮಾಡ್ತಾರೆ ಯೋಚ್ನೆ ಮಾಡಿ. ಇಬ್ಬರೂ ಆಫೀಸಿಗೆ ಹೋಗೋ ಮನೆಗೆ ಆ ನಲವತ್ತು ನಿಮಿಷವೇ ಏರಿಯಾ ಆಯ್ಕೆ. ಒಬ್ರು ಮನೇಲಿ ಇದ್ರೆ ದೂರ ಹೋಗಿ ದೊಡ್ಡ ಮನೆ ಹಿಡೀರಿ, ಏನೂ ತೊಂದ್ರೆ ಇಲ್ಲ.

ಚಿಕ್ಕವನ ನರ್ಸರಿ ವಿಷಯ ಯಾರೋ 30 ಗಂಟೆ ಫ್ರೀ ಅಂದ್ರು. ಅದು ಕೆಲಸ ಮಾಡೋ ಅಪ್ಪ ಅಮ್ಮಂದಿರಿಗೆ ಇರೋ ಯೋಜನೆ, ನಿಮ್ಮ ಇಬ್ಬರ ವೀಸಾ ಮೇಲೂ ಪಬ್ಲಿಕ್ ಫಂಡ್ಸ್ (ಸರ್ಕಾರದ ಸಹಾಯಧನ) ಇಲ್ಲ ಅಂತಿರತ್ತೆ, ಹಾಗಿರೋರಿಗೆ ಅದು ಬರಲ್ಲ. ಮೂರು ತುಂಬಿದ ಮೇಲಿನ ಟರ್ಮ್‌ನಿಂದ ಎಲ್ಲಾ ಮಕ್ಕಳಿಗೂ ಸಿಗೋ 15 ಗಂಟೆ ಮಾತ್ರ ನಿಮಗೆ, ಅದೂ ವರ್ಷಕ್ಕೆ 38 ವಾರ. ಮಿಕ್ಕಿದ್ದು ಜೇಬಿಂದ. ಬಾಡಿಗೆ ಬಜೆಟ್ ಹಾಕೋವಾಗ ಇದನ್ನ ಸೇರಿಸಿಲ್ಲ ಅಂದ್ರೆ ಮೊದಲ ತಿಂಗಳೇ ಲೆಕ್ಕ ತಪ್ಪತ್ತೆ. ಸ್ಕೂಲ್ ಓದು ಮಾತ್ರ ಉಚಿತ, ಅದಕ್ಕೂ ವೀಸಾ ಷರತ್ತಿಗೂ ಸಂಬಂಧ ಇಲ್ಲ.

ಕೌನ್ಸಿಲ್ ಟ್ಯಾಕ್ಸ್ ಕೂಡ ಬಾಡಿಗೆದಾರರೇ ಕಟ್ಟೋದು. ಮನೆಯ ಬ್ಯಾಂಡು, ಅಂದ್ರೆ ತೆರಿಗೆ ವರ್ಗ, 1991ರ ಏಪ್ರಿಲ್ ಬೆಲೆ ಮೇಲೆ, ಹೊಸ ಬಿಲ್ಡಿಂಗಿಗೂ ಅದೇ ಕಾಲದ ಬೆಲೆ ಊಹೆ ಮಾಡಿ ಹಾಕ್ತಾರೆ (ನಗು ಬರತ್ತೆ). ದರ ಮಾತ್ರ ಕೌನ್ಸಿಲ್‌ನಿಂದ ಕೌನ್ಸಿಲ್‌ಗೆ ಬೇರೆ, ವಾಂಡ್ಸ್‌ವರ್ತ್‌ಗೆ ಹೋಲಿಸಿದ್ರೆ ಕಿಂಗ್‌ಸ್ಟನ್‌ನಲ್ಲಿ ಅದೇ ಬ್ಯಾಂಡಿಗೆ ಎರಡರಷ್ಟಕ್ಕೂ ಜಾಸ್ತಿ. ರಸ್ತೆ ಆಚೆ ಈಚೆ ಬೇರೆ ಕೌನ್ಸಿಲ್ ಇರೋ ಕಡೆ ಇದು ತಿಳ್ಕೊಂಡಿರಿ.

ಹೌನ್ಸ್ಲೋ ಕಡೆ ಬಾಡಿಗೆ ಕಮ್ಮಿ ಅಂತ ಹೋಗೋದಾದ್ರೆ ಒಂದು ಕಿವಿಮಾತು, ಮನೆನ ಎರಡು ಹೊತ್ತಲ್ಲಿ ನೋಡಿ. ಗಾಳಿ ಪಶ್ಚಿಮದಿಂದ ಬೀಸೋವಾಗ, ಅಂದ್ರೆ ವರ್ಷದಲ್ಲಿ ಹೆಚ್ಚಿನ ದಿನ, ಹೀಥ್ರೋಗೆ ಇಳಿಯೋ ವಿಮಾನ ಲಂಡನ್ ಮೇಲಿಂದ ಬರತ್ತೆ, ಮಧ್ಯಾಹ್ನ ಮೂರಕ್ಕೆ ಇಳಿಯೋ ರನ್‌ವೇ ಬದಲಾಯಿಸ್ತಾರೆ, ವಾರ ವಾರ ಸರದಿನೂ ಅದಲು ಬದಲು. ಹನ್ನೊಂದು ಗಂಟೆಗೆ ಮನೆ ತೋರಿಸ್ದಾಗ ಎಷ್ಟು ಶಾಂತ ಅಂತ ಖುಷಿಪಟ್ಟು ಸಹಿ ಹಾಕಿ, ಮೂರಾದ ಮೇಲೆ ಫೋನಲ್ಲಿ ಮಾತಾಡೋಕೂ ಕಿಟಕಿ ಮುಚ್ಚಬೇಕಾದೋರನ್ನ ನಾನು ನೋಡಿದೀನಿ. ಕೆಲವರಿಗೆ ಒಂದು ತಿಂಗಳಲ್ಲಿ ಅಭ್ಯಾಸ ಆಗತ್ತೆ, ಕೆಲವರಿಗೆ ಆಗಲ್ಲ. ಹಾಗೇ ಇಪಿಸಿ ರೇಟಿಂಗ್ (ಮನೆ ಎಷ್ಟು ಇಂಧನ ಉಳಿಸತ್ತೆ ಅನ್ನೋ ದರ್ಜೆ) ಕೇಳಿ, ಬಾಡಿಗೆ ಮನೆಗೆ ಕನಿಷ್ಠ ಇ ಇರಬೇಕು, ಸಿ ಇದ್ರೆ ಚಳಿಗಾಲದ ಗ್ಯಾಸ್ ಬಿಲ್ ನಿಮ್ಮ ಪರವಾಗಿರತ್ತೆ. ಕಪಾಟಿನ ಹಿಂದೆ ಕೈ ಹಾಕಿ ಗೋಡೆ ಒದ್ದೆ ಇದೆಯಾ ನೋಡಿ, ಏಜೆಂಟ್ ಏನಂದ್ಕೋತಾನೋ ಅಂತ ಸಂಕೋಚ ಬೇಡ.

ನಮ್ಮೋರು ಇರೋ ಕಡೆ ಬೇಕು ಅಂದ್ರಿ. ಲಂಡನ್‌ನಲ್ಲಿ ಗುಜರಾತಿಗಳಿಗೆ ಹ್ಯಾರೋ ವೆಂಬ್ಲಿ, ಪಂಜಾಬಿಗಳಿಗೆ ಸೌತಾಲ್, ತಮಿಳು ಮಲಯಾಳಂನವರಿಗೆ ಈಸ್ಟ್ ಹ್ಯಾಮ್ ಅಂತ ಇದೆ, ಕನ್ನಡದೋರದು ಅಂತ ಒಂದು ಏರಿಯಾ ಇಲ್ಲ, ನಾವು ಎಲ್ಲಾ ಕಡೆ ಚದುರಿದೀವಿ. ಸೌತಾಲ್‌ನಲ್ಲಿ ಹಾಗಲಕಾಯಿ ಸಿಗತ್ತೆ ಅಂತ ಅಲ್ಲೇ ಮನೆ ಮಾಡೋ ಅಗತ್ಯ ಇಲ್ಲ, ತಿಂಗಳಿಗೊಂದು ಸಲ ಹೋಗಿ ತಂದ್ರಾಯ್ತು. ಮಕ್ಕಳ ಕನ್ನಡ ತರಗತಿನೂ ಈಗ ಆನ್‌ಲೈನಲ್ಲೇ ಸಿಗತ್ತೆ. ಕಷ್ಟಕಾಲಕ್ಕೆ ಮಗುನ ಸ್ಕೂಲಿಂದ ಕರ್ಕೊಂಡು ಬರೋದು ಪಕ್ಕದ ಬೀದಿಯ ಪೋಲಿಷ್ ಅಮ್ಮನೋ ನೈಜೀರಿಯಾದ ಅಪ್ಪನೋ, ಎರಡು ರೈಲು ಬದಲಾಯಿಸಿ ಬರೋ ಕನ್ನಡದೋರಲ್ಲ.

ಕಾಗದ ಪತ್ರದ್ದು ಬೇಗ ಹೇಳ್ತೀನಿ. 18 ತುಂಬಿದ ಎಲ್ರಿಗೂ ರೈಟ್ ಟು ರೆಂಟ್, ಅಂದ್ರೆ ಬಾಡಿಗೆಗಿರೋ ಹಕ್ಕಿನ ತಪಾಸಣೆ, ಅದಕ್ಕೆ ತೋರಿಸೋ ಇ-ವೀಸಾದ ಶೇರ್ ಕೋಡ್ ರೆಡಿ ಇಟ್ಕೊಳ್ಳಿ. ಮನೆ ಕಾದಿರಿಸೋ ಹೋಲ್ಡಿಂಗ್ ಡೆಪಾಸಿಟ್ ಒಂದು ವಾರದ ಬಾಡಿಗೆ, ಡೆಪಾಸಿಟ್ ಐದು ವಾರದ್ದು, ವಾರ್ಷಿಕ ಬಾಡಿಗೆ 50 ಸಾವಿರ ಪೌಂಡ್ ಒಳಗಿದ್ರೆ ಅದಕ್ಕಿಂತ ಜಾಸ್ತಿ ಕೇಳೋ ಹಾಗಿಲ್ಲ, ಕೊಟ್ಟ 30 ದಿನದೊಳಗೆ ಸರ್ಕಾರ ಒಪ್ಪಿದ ಸ್ಕೀಮಲ್ಲಿ ಹಾಕ್ಬೇಕು. ಇಲ್ಲಿ ಕ್ರೆಡಿಟ್ ಹಿಸ್ಟರಿ ಇಲ್ಲದ ನಮ್ಮಂಥೋರ ಹತ್ರ ಮೊದ್ಲು ಆರು ತಿಂಗಳ ಬಾಡಿಗೆ ಒಟ್ಟಿಗೆ ಕೇಳ್ತಿದ್ರು, ಹೊಸ ರೆಂಟರ್ಸ್ ರೈಟ್ಸ್ ಕಾಯ್ದೆ 2026ರ ಮೇ 1ರಿಂದ ಜಾರಿಗೆ ಬಂದ ಮೇಲೆ ಒಂದು ತಿಂಗಳಿಗಿಂತ ಜಾಸ್ತಿ ಮುಂಗಡ ತಗೊಳ್ಳೋ ಹಾಗಿಲ್ಲ, ಜಾಹೀರಾತಲ್ಲಿ ಹಾಕಿದ್ದಕ್ಕಿಂತ ಹೆಚ್ಚು ಬಾಡಿಗೆಗೆ ಹರಾಜು ಕೂಗೋ ಹಾಗಿಲ್ಲ, ಮಕ್ಕಳಿದಾರೆ ಅಂತ ಮನೆ ಇಲ್ಲ ಅನ್ನೋ ಹಾಗೂ ಇಲ್ಲ. ಎಲ್ಲಕ್ಕಿಂತ ದೊಡ್ಡದು, ವರ್ಷದ ಕರಾರು ಹೋಯ್ತು, ಎರಡು ತಿಂಗಳ ನೋಟಿಸ್ ಕೊಟ್ಟು ನೀವು ಬಿಡಬಹುದು. ಹಂಗಾಗಿ ಮೊದಲ ಮನೆ ಬಗ್ಗೆ ಅಷ್ಟೊಂದು ಭಯ ಬೇಡ. ಮನೆ ಬದಲಾಯಿಸಿದ್ರೂ ಸೇರಿಕೊಂಡ ಸ್ಕೂಲ್ ಸೀಟು ಹೋಗಲ್ಲ, ಆದ್ರೆ ದೂರ ಹೋದ್ರೆ ತಮ್ಮನಿಗೆ ಅಕ್ಕನ ಲೆಕ್ಕದಲ್ಲಿ ಆದ್ಯತೆ ಕೊಡೋದನ್ನ ಕೆಲವು ಕಡೆ ನಿಲ್ಲಿಸ್ತಾರೆ, ಅದಕ್ಕೆ ಅವನ ಸೀಟು ಬರೋ ತನಕ ಕದಲಬೇಡಿ.

ನಾನಾಗಿದ್ರೆ ನಿಮ್ಮ ಜಾಗದಲ್ಲಿ ಮೊದ್ಲು ಅಬ್ಬಿ ವುಡ್ ಸುತ್ತಮುತ್ತ ನೋಡ್ತಿದ್ದೆ. ಆ ಸ್ಟೇಷನ್ ಗ್ರೀನಿಚ್ ಬೆಕ್ಸ್‌ಲಿ ಎರಡು ಕೌನ್ಸಿಲ್‌ಗಳ ಗಡಿಯಲ್ಲಿದೆ, ಬೆಕ್ಸ್‌ಲಿಯಲ್ಲಿ ನಾಲ್ಕು ಗ್ರಾಮರ್ ಸ್ಕೂಲ್ (ಪ್ರವೇಶ ಪರೀಕ್ಷೆ ಮೇಲೆ ಸೀಟು ಕೊಡೋ ಸರ್ಕಾರಿ ಹೈಸ್ಕೂಲ್) ಇವೆ, ಸ್ಲೌದಲ್ಲೂ ನಾಲ್ಕೇ ಇರೋದು. ಇಲೆವೆನ್ ಪ್ಲಸ್ ಅನ್ನೋ ಆ ಪರೀಕ್ಷೆಯ ಗುಂಗು ನಿಮಗೆ ಇದ್ರೆ ಮಾತ್ರ ಇದು ಮುಖ್ಯ, ಒಂಬತ್ತು ವರ್ಷದ ಹುಡುಗಿನ ವಿಮಾನ ಇಳಿದ ದಿನದಿಂದ ಟ್ಯೂಷನ್‌ಗೆ ತಳ್ಳೋದು ನನಗೆ ಇಷ್ಟ ಇಲ್ಲ, ಅದು ನಿಮ್ಮ ಮನೆ ವಿಷಯ. ಟೆಸ್ಟು ಇಯರ್ 6 ಶುರುವಾದ ಸೆಪ್ಟೆಂಬರ್‌ನಲ್ಲಿ, ಹೆಸರು ನೋಂದಾಯಿಸೋದು ಅದಕ್ಕೂ ಮುಂಚಿನ ಬೇಸಿಗೆಯಲ್ಲಿ. ಅವಳ ಹುಟ್ಟಿದ ತಾರೀಕು ಹೇಳಿ, ಮುಂದಿನ ಆಗಸ್ಟ್ 31ರೊಳಗೆ ಹತ್ತು ತುಂಬತ್ತೆ ಅಂದ್ರೆ ನವೆಂಬರ್‌ನಲ್ಲಿ ಇಯರ್ 5ಗೆ ಹೋಗ್ತಾಳೆ, ನಿಮಗೆ ಹತ್ತು ತಿಂಗಳು ಮಾತ್ರ ಇದೆ. ಸೆಪ್ಟೆಂಬರ್ ಒಂದೋ ಆಮೇಲೋ ಆದ್ರೆ ಇಯರ್ 4, ಆಗ ಪೂರ್ತಿ ಒಂದು ವರ್ಷ ಜಾಸ್ತಿ ಸಿಗತ್ತೆ, ಚಿಕ್ಕವನ ಸೀಟು ಮುಗಿಸ್ಕೊಂಡು ಆರಾಮಾಗಿ ಎರಡನೇ ಮನೆ ಹುಡುಕಬಹುದು.