ಬೆಂಗಳೂರಲ್ಲಿ ‘ಕ್ರಾಸ್’ ಅಂದ್ರೆ ಇಡೀ ರಸ್ತೆಯಾ?

ಗದಗಿನವಳು:
ನಮ್ಮ ಕಡೆ ಕ್ರಾಸ್ ಅಂದ್ರೆ ಹೆದ್ದಾರಿಯಿಂದ ಊರಿನ ದಾರಿ ಒಡೆಯುವ ಜಾಗ. ಅಲ್ಲೊಂದು ಚಹಾದಂಗಡಿ ಇರುತ್ತದೆ, ಟಂಟಂ ಆಟೋಗಳು ಕಾಯುತ್ತಿರುತ್ತವೆ. ಕಂಡಕ್ಟರ್ “ಕ್ರಾಸ್ ಬಂತು, ಇಳೀರಿ” ಅಂತ ಕೂಗುತ್ತಾರೆ. ಮಲ್ಲೇಶ್ವರಕ್ಕೆ ಬಂದರೆ ‘8ನೇ ಕ್ರಾಸ್’ ಅಂದ್ರೆ ಉದ್ದಕ್ಕೂ ಅಂಗಡಿ ತುಂಬಿದ ರಸ್ತೆ! ನಮ್ಮಪ್ಪ ಮೂಲೆಯಲ್ಲೇ ನಿಂತು ಕಾಯ್ತಾ ಇದ್ದರು, ಪಾಪ. ಯಾಕೆ ಹೀಗೆ?

ಮಲ್ಲೇಶ್ವರದ ಹಳಬ:
ಅದು ಬಡಾವಣೆಯ ನಕ್ಷೆಯಿಂದ ಬಂದದ್ದಮ್ಮ. 1898ರ ಪ್ಲೇಗ್ ಆದಮೇಲೆ ಮಲ್ಲೇಶ್ವರ, ಬಸವನಗುಡಿ ಕಟ್ಟಿದರು. ರಸ್ತೆಗಳನ್ನು ನೇರವಾಗಿ ಎಳೆದರು. ಇಲ್ಲಿ ಸಂಪಿಗೆ ರಸ್ತೆ, ಮಾರ್ಗೋಸಾ ರಸ್ತೆ ಉತ್ತರ-ದಕ್ಷಿಣ. ಅವನ್ನು ಅಡ್ಡ ಹಾಯುವವು ಕ್ರಾಸ್. ಬೋರ್ಡಿನಲ್ಲಿ ‘ಅಡ್ಡರಸ್ತೆ’ ಅಂತಲೇ ಇರುತ್ತದೆ ನೋಡಿ. ಯಾರಿಗಾದರೂ ವಿಳಾಸ ಕೊಡುವಾಗ ಬರೀ ಕ್ರಾಸ್ ಹೇಳಬೇಡಿ. ಯಾವ ಮೇನ್ ರಸ್ತೆ ಹತ್ತಿರ ಅಂತಲೂ ಹೇಳಿ, ಇಲ್ಲದಿದ್ರೆ ಸುಮ್ನೆ ಸುತ್ತಬೇಕಾಗುತ್ತದೆ.

ಕಾಫಿತೋಟ:
ಚಿಕ್ಕಮಗಳೂರಿನಿಂದ ಬಾಬಾಬುಡನ್‌ಗಿರಿಗೆ ಹೋಗುವಾಗ ‘ಕೈಮರ’ ಸಿಗುತ್ತದೆ. ದಾರಿ ತೋರಿಸಲು ಕೈ ಚಾಚಿದ ಕಂಬವೇ ಕೈಮರ. ಎಚ್.ಡಿ. ಕೋಟೆಯ ‘ಹ್ಯಾಂಡ್‌ಪೋಸ್ಟ್’ ಕೂಡ ಅದೇ ಅಲ್ವಾ? ನನಗಂತೂ ಸರ್ಕಲ್, ಜಂಕ್ಷನ್ನಿಗಿಂತ ಈ ಹೆಸರು ಜಾಸ್ತಿ ಇಷ್ಟ.

ಗದಗಿನವಳು:
ಥ್ಯಾಂಕ್ಸ್ ಸರ್, ಅಪ್ಪನಿಗೆ ಓದಿ ಹೇಳಿದೆ. ಕೈಮರ ನನಗೆ ಹೊಸದು. ನಮ್ಮಜ್ಜಿಗೆ ಮೂರು ದಾರಿ ಕೂಡುವ ಜಾಗ ಅಂದ್ರೆ ದೃಷ್ಟಿ ತೆಗೆದದ್ದನ್ನು ಹಾಕುವ ಜಾಗ. ಒಡೆದ ನಿಂಬೆಹಣ್ಣು, ಮೆಣಸಿನಕಾಯಿ ಕಂಡರೆ ನಮ್ಮನ್ನು ಪಕ್ಕಕ್ಕೆ ಎಳೆಯುತ್ತಿದ್ದರು. ಮಂಗಳೂರು ಕಡೆಯವರು ಇದ್ದೀರಾ? ನಿಮ್ಮಲ್ಲಿ ಇಂಥ ಜಾಗಕ್ಕೆ ಏನಂತೀರಿ?