ಒತ್ತಕ್ಷರದ ಹತ್ತಿರ ನಿಂತುಬಿಟ್ಟಿದ್ದೇವೆ

ಪ್ರಶ್ನೆ: ಭಾನುವಾರ ಜಯನಗರದ ನಮ್ಮ ಮಹಡಿಯಲ್ಲಿ ಮನೆಗೆಲಸದ ಮೂವರು ಹೆಂಗಸರಿಗೆ ಓದು ಹೇಳಿಕೊಡುತ್ತೇನೆ. ಕಾಗುಣಿತ ಮುಗಿಯಿತು. ಒತ್ತಕ್ಷರ ಬಂದರೆ ‘ತಲೆಗೆ ಹತ್ತಲ್ಲ ಮೇಡಂ’ ಅನ್ನುತ್ತಾರೆ. ಬಸ್ಸಿನ ಬೋರ್ಡಿನಲ್ಲಿರುವ ‘ಮಾರ್ಕೆಟ್’ ಬರೆದು ಕೊಟ್ಟೆ. ಒಬ್ಬರು ‘ಮಾಕೆ...’ ಅಂದು ನಿಂತರು. ಅವರ ತಪ್ಪಲ್ಲ ಬಿಡಿ, ಬಾಯಲ್ಲಿ ಮೊದಲು ಬರುವ ‘ರ್’ ಬರೆಯುವಾಗ ಆಮೇಲೆ ಬರುತ್ತದೆ, ಅಲ್ವಾ? ಏನು ಮಾಡಲಿ?

ಉತ್ತರ 1: ಅರ್ಕಾವತ್ತು ಕೊನೆಗಿಡಿ. ಅಕ್ಕ, ಅಮ್ಮ, ಅಣ್ಣ ಮೊದಲು. ಅದೇ ಅಕ್ಷರಕ್ಕೆ ಅದೇ ಒತ್ತು. ನಾನು ರೇಷನ್ ಕಾರ್ಡಿನ ಹೆಸರುಗಳನ್ನೇ ಓದಿಸಿದ್ದೆ.

ಉತ್ತರ 2: ‘ಅ ಅರಸ’ ಪುಸ್ತಕ ಮಾತ್ರ ಬೇಡ, ದೊಡ್ಡವರು ನಾಚಿಕೊಳ್ಳುತ್ತಾರೆ. ಮಕ್ಕಳೂ ಬಂದರೆ, ನಮ್ಮೂರಿನ ಪ್ರಥಮ್ ಬುಕ್ಸ್ 2015ರಲ್ಲಿ ಶುರು ಮಾಡಿದ ಜಾಲತಾಣ ಸ್ಟೋರಿವೀವರ್‌ನಲ್ಲಿ ಕನ್ನಡ ಕಥೆಗಳು ಪುಕ್ಕಟೆ ಸಿಗುತ್ತವೆ.

ಕೇಳಿದವಳು: ‘ಅಕ್ಕ’ ಕೆಲಸ ಮಾಡಿತು! ಈ ವಾರ ‘ಬೆಳ್ಳುಳ್ಳಿ’ ಓದಿದರು. ಎರಡು ಒತ್ತು ಒಟ್ಟಿಗೆ ದಾಟಿ ಅವರೇ ನಕ್ಕರು.